ಮನೆಯಿಂದಲೇ ಕೆಲಸಕ್ಕೆ ಸೇರುವ ಹೊಸಬರನ್ನು ಬರಮಾಡಿಕೊಳ್ಳುವುದು ಹೇಗೆ: ಆಫರ್ ಲೆಟರ್‌ನಿಂದ ಮೂರನೇ ತಿಂಗಳವರೆಗೆ

ಆಫೀಸಿಗೆ ಬಂದು ಸೇರುವ ಹೊಸಬರಿಗೆ ಯಾರೂ ಹೇಳಿಕೊಡದೆಯೇ ಎಷ್ಟೋ ವಿಷಯ ಗೊತ್ತಾಗಿಬಿಡುತ್ತದೆ. ಪಕ್ಕದ ಟೇಬಲ್ಲಿನ ಮಾತು ಕಿವಿಗೆ ಬೀಳುತ್ತದೆ. ಯಾವ ಕೆಲಸ ಯಾರ ಹತ್ತಿರ ಹೋದರೆ ಆಗುತ್ತದೆ ಎಂದು ಟೀ ಕುಡಿಯುವಾಗ ತಿಳಿಯುತ್ತದೆ. ಮ್ಯಾನೇಜರ್ ಬಿಡುವಾಗಿದ್ದಾರೋ ಇಲ್ಲವೋ ಮುಖ ನೋಡಿದರೆ ಸಾಕು. ಶಿರಸಿಯಲ್ಲೋ ಕಲಬುರಗಿಯಲ್ಲೋ ಮನೆಯ ಕೋಣೆಯಲ್ಲಿ ಕೂತು ಬೆಂಗಳೂರಿನ ಕಂಪನಿ ಸೇರುವವರಿಗೆ ಇದ್ಯಾವುದೂ ಸಿಗುವುದಿಲ್ಲ. ಸಣ್ಣ ಅನುಮಾನ ಬಂದರೂ ಮೆಸೇಜ್ ಬರೆಯಬೇಕು. ಬರೆಯುತ್ತಾ ‘ಇಷ್ಟು ಚಿಕ್ಕದಕ್ಕೆ ಕೇಳಿದರೆ ಏನಂದುಕೊಳ್ಳುತ್ತಾರೋ’ ಎಂದು ಅಳುಕುತ್ತಾರೆ, ಬರೆದದ್ದನ್ನು ಅಳಿಸುತ್ತಾರೆ, ಮತ್ತೆ ಒಂದು ಗಂಟೆ ತಾವೇ ತಡಕಾಡುತ್ತಾರೆ. ಮೊದಲ ತಿಂಗಳು ಕೆಡುವುದು ಬಹುಪಾಲು ಈ ಅಳುಕಿನಿಂದ, ಸಾಮರ್ಥ್ಯ ಇಲ್ಲದ್ದರಿಂದಲ್ಲ. ಕೆಳಗೆ ಹೇಳಿರುವ ಎಲ್ಲ ತಯಾರಿಯ ಉದ್ದೇಶ ಒಂದೇ: ಹೊಸಬರು ಅನಗತ್ಯವಾಗಿ ಕೇಳಬೇಕಾಗಿ ಬರಬಾರದು, ಕೇಳಲೇಬೇಕಾದಾಗ ಸಂಕೋಚ ಪಡಬಾರದು. ಮೂವತ್ತರಿಂದ ನೂರು ಜನ ಇರುವ, ಎಚ್‌ಆರ್‌ನಲ್ಲಿ ಒಬ್ಬರೋ ಇಬ್ಬರೋ ಇರುವ ಕಂಪನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ.

ಕಾಗದಪತ್ರ: ಸೇರುವ ಎರಡು ವಾರ ಮೊದಲು

ನೇಮಕಾತಿ ಪತ್ರ ಮೊದಲು ಕೈಸೇರಲಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಅದು ಕಡ್ಡಾಯ. ಮನೆಯಿಂದ ಕೆಲಸ ಮಾಡುವವರ ಪತ್ರದಲ್ಲಿ ನಾಲ್ಕು ವಿಷಯ ಸ್ಪಷ್ಟವಾಗಿರಬೇಕು: ಕೆಲಸ ಮಾಡುವ ಊರು, ಕೆಲಸದ ಸಮಯ, ಇಂಟರ್‌ನೆಟ್ ಮತ್ತು ಕರೆಂಟ್ ಖರ್ಚಿನಲ್ಲಿ ಕಂಪನಿ ಕೊಡುವ ಪಾಲು, ಆಫೀಸಿಗೆ ಬರಬೇಕಾಗಿ ಬಂದರೆ ಎಷ್ಟು ದಿನ ಮೊದಲು ತಿಳಿಸುತ್ತೀರಿ ಮತ್ತು ಪ್ರಯಾಣದ ಖರ್ಚು ಯಾರದು. ಈ ನಾಲ್ಕನ್ನು ಬಾಯಿಮಾತಿನಲ್ಲಿ ಬಿಟ್ಟರೆ ಆರು ತಿಂಗಳ ನಂತರ ಮನಸ್ತಾಪ ಖಂಡಿತ.

ದಾಖಲೆಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳಬೇಡಿ. ಯಾರದೋ ಫೋನಿನ ಗ್ಯಾಲರಿಯಲ್ಲಿ ಇನ್ನೊಬ್ಬರ ಆಧಾರ್ ಮತ್ತು ಪ್ಯಾನ್ ವರ್ಷಗಟ್ಟಲೆ ಉಳಿದುಬಿಡುತ್ತವೆ. ಎಚ್‌ಆರ್‌ಗೆ ಮಾತ್ರ ಕಾಣುವ ಒಂದು ಫೋಲ್ಡರ್ ಲಿಂಕ್ ಕಳಿಸಿ. ಪೂರ್ತಿ ಆಧಾರ್ ಬೇಕಿಲ್ಲದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೇಳಿ. ಆ ಪಿಡಿಎಫ್ ತೆರೆಯಲು ಪಾಸ್‌ವರ್ಡ್, ಇಂಗ್ಲಿಷಿನಲ್ಲಿ ಹೆಸರಿನ ಮೊದಲ ನಾಲ್ಕು ದೊಡ್ಡ ಅಕ್ಷರ ಮತ್ತು ಹುಟ್ಟಿದ ವರ್ಷ. ಇದನ್ನು ಮೊದಲ ಮೇಲ್‌ನಲ್ಲೇ ಬರೆದುಬಿಟ್ಟರೆ ನಾಲ್ಕು ಫೋನ್ ಕರೆ ಉಳಿಯುತ್ತವೆ.

ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ದಿನ ತಿನ್ನುವುದು ಹೆಸರಿನ ಇನಿಷಿಯಲ್. ಆಧಾರ್‌ನಲ್ಲಿ ‘ಮಂಜುನಾಥ ಕೆ’ ಎಂದಿರುತ್ತದೆ, ಮಾರ್ಕ್ಸ್ ಕಾರ್ಡ್‌ನಲ್ಲಿ ‘ಕೆ. ಮಂಜುನಾಥ’, ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನದೋ ತಂದೆಯದೋ ಪೂರ್ತಿ ಹೆಸರು. ಪಿಎಫ್ ಖಾತೆ ನಡೆಯುವುದು ಆಧಾರ್‌ನಲ್ಲಿರುವ ಹೆಸರಿನಂತೆ. ಆದ್ದರಿಂದ ಸಂಬಳದ ಪಟ್ಟಿಯಲ್ಲಿ ಆಧಾರ್‌ನ ಹೆಸರನ್ನೇ, ಒಂದು ಚುಕ್ಕಿಯೂ ವ್ಯತ್ಯಾಸವಾಗದಂತೆ ಹಾಕಿ. ಪ್ಯಾನ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಹೆಸರನ್ನು ಅದರ ಪಕ್ಕ ಇಟ್ಟು ಹೋಲಿಸಿ. ಹೊಂದದಿದ್ದರೆ ಸೇರುವ ಮೊದಲೇ ಹೇಳಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ ಇರುವುದರಿಂದ, ಯಾವ ದಾಖಲೆಯನ್ನು ತಿದ್ದಿಸುವುದೆಂದು ಆತುರದಲ್ಲಿ ತೀರ್ಮಾನಿಸಬಾರದು.

ಹಿಂದೆ ಪಿಎಫ್ ಕಡಿತವಾಗಿದ್ದರೆ ಹಳೆಯ ಯುಎಎನ್ ಸಂಖ್ಯೆಯನ್ನೇ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಮುಂದುವರಿಸಬೇಕು. ಎರಡನೆಯದು ಹುಟ್ಟಿದರೆ ಒಂದುಗೂಡಿಸುವ ಹೊತ್ತಿಗೆ ಸಾಕುಸಾಕಾಗುತ್ತದೆ. ಮೊದಲ ಕೆಲಸವಾಗಿದ್ದರೆ, 2025ರ ಆಗಸ್ಟ್‌ನಿಂದ ಹೊಸ ಯುಎಎನ್ ಅನ್ನು ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿ ಉದ್ಯೋಗಿಯೇ ಮಾಡಿಕೊಳ್ಳಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಈಗಲೂ ಚಾಲ್ತಿಯಲ್ಲಿದೆಯೇ ಎಂದು ಮೊದಲು ಕೇಳಿ. ಹಳೇ ಸಿಮ್ ಬಿಟ್ಟುಬಿಟ್ಟವರು ಒಟಿಪಿ ಬರದೆ ಇಲ್ಲೇ ನಿಲ್ಲುತ್ತಾರೆ.

ದೂರದವರ ವಿಷಯದಲ್ಲಿ ಮಾತ್ರ ಆಗುವ ಎರಡು ತಪ್ಪುಗಳಿವೆ. ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗೆ ಇದ್ದು ಇಎಸ್‌ಐಗೆ (ಸರ್ಕಾರದ ನೌಕರರ ವಿಮೆ) ಬರುವವರನ್ನು ನೋಂದಾಯಿಸುವಾಗ ಅಭ್ಯಾಸಬಲದಿಂದ ಬೆಂಗಳೂರಿನ ಡಿಸ್ಪೆನ್ಸರಿ ಆರಿಸಿಬಿಡುತ್ತಾರೆ. ಹಾಸನದಲ್ಲಿರುವವರಿಗೆ ಅದರಿಂದ ಏನು ಪ್ರಯೋಜನ? ಅವರ ಊರಿನ ಡಿಸ್ಪೆನ್ಸರಿ ಹಾಕಿ. ಖಾಸಗಿ ಆರೋಗ್ಯ ವಿಮೆ ಇದ್ದರೆ ಕಾರ್ಡ್ ಕಳಿಸಿ ಸುಮ್ಮನಾಗದೆ, ಅವರ ತಾಲ್ಲೂಕಿನಲ್ಲಿ ಮತ್ತು ಜಿಲ್ಲಾ ಕೇಂದ್ರದಲ್ಲಿ ಹಣ ಕಟ್ಟದೆ ಸೇರಬಹುದಾದ ಆಸ್ಪತ್ರೆಗಳು ಯಾವುವೆಂದು ನೋಡಿ ಎರಡು ಹೆಸರು ಬರೆದುಕೊಡಿ. ವೃತ್ತಿ ತೆರಿಗೆ ಕರ್ನಾಟಕದಲ್ಲಿ 25,000 ಮತ್ತು ಮೇಲ್ಪಟ್ಟ ಸಂಬಳಕ್ಕೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300 ರೂಪಾಯಿ. ಬೇರೆ ರಾಜ್ಯದ ಮನೆಯಿಂದ ಕೆಲಸ ಮಾಡುವವರಾದರೆ ಆ ರಾಜ್ಯದ ನಿಯಮ ನೋಡಬೇಕು.

ಸಂಬಳದ ಲೆಕ್ಕ ಮುಗಿಸುವ ತಾರೀಖನ್ನೂ ಹೇಳಿಬಿಡಿ. 20ಕ್ಕೆ ಲೆಕ್ಕ ಮುಗಿಯುವ ಕಂಪನಿಗೆ 24ಕ್ಕೆ ಸೇರಿದವರ ಕೈಗೆ ಮೊದಲ ಸಂಬಳ ಬರುವುದು ಮುಂದಿನ ತಿಂಗಳ ಕೊನೆಗೆ. ಮನೆ ಬಾಡಿಗೆ, ಸಾಲದ ಕಂತು ಇರುವವರಿಗೆ ಇದು ಮೊದಲೇ ಗೊತ್ತಿರಬೇಕು.

ಲ್ಯಾಪ್‌ಟಾಪ್ ಕಳಿಸುವುದು

ಸೇರುವ ದಿನಕ್ಕಿಂತ ಮೂರು ಕೆಲಸದ ದಿನ ಮೊದಲೇ ಡಬ್ಬ ಮನೆಯಲ್ಲಿರಬೇಕು. ಸೋಮವಾರ ಸೇರುವವರಾದರೆ ಬುಧವಾರದೊಳಗೆ. ಖಾಸಗಿ ಕೊರಿಯರ್‌ಗಳು ಎಷ್ಟೋ ಹಳ್ಳಿಗಳಿಗೆ ಹೋಗುವುದಿಲ್ಲ. ತಾಲ್ಲೂಕಿನ ಆಫೀಸಿನಲ್ಲಿಟ್ಟು ‘ಬಾಗಿಲು ಹಾಕಿತ್ತು’ ಎಂದು ಬರೆದು ವಾಪಸು ಕಳಿಸುವುದೂ ಉಂಟು. ಪಿನ್‌ಕೋಡ್ ಹಾಕಿ ಮೊದಲು ಪರೀಕ್ಷಿಸಿ, ಇಲ್ಲದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ವಿಳಾಸದಲ್ಲಿ ಗುರುತಿನ ಜಾಗ ಇರಲಿ: ‘ಹಾಲಿನ ಡೈರಿ ಎದುರು’, ‘ಮಾರಮ್ಮನ ಗುಡಿ ಹಿಂದೆ’. ಫೋನ್ ನಂಬರ್ ಎರಡು ಬರೆಯಿರಿ, ಒಂದು ಅವರದು, ಇನ್ನೊಂದು ಹಗಲು ಮನೆಯಲ್ಲೇ ಇರುವವರದು.

ಮಾರಾಟವಲ್ಲದಿದ್ದರೂ ಮಾಲಿನ ಮೌಲ್ಯ 50,000 ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಇರುವ ಕಂಪನಿ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ದಾಖಲೆ) ಮಾಡಬೇಕು. ಜೊತೆಗೆ ಡೆಲಿವರಿ ಚಲನ್, ಅದರಲ್ಲಿ ಸೀರಿಯಲ್ ನಂಬರ್ ಮತ್ತು ‘ಉದ್ಯೋಗಿಯ ಬಳಕೆಗೆ, ಮಾರಾಟಕ್ಕಲ್ಲ’ ಎಂಬ ಸಾಲು. ಇವಿಲ್ಲದೆ ಪಾರ್ಸಲ್ ದಾರಿಯಲ್ಲಿ ನಿಂತರೆ ಬಿಡಿಸಿಕೊಳ್ಳಲು ವಾರ ಹಿಡಿಯುತ್ತದೆ. ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿ, ಬ್ಯಾಟರಿ ಅರ್ಧದಷ್ಟಿಟ್ಟು, ಅದರ ಸ್ವಂತ ಡಬ್ಬದಲ್ಲಿ ಹಾಕಿ, ಆ ಡಬ್ಬವನ್ನು ಸುತ್ತ ಎರಡು ಇಂಚು ಜಾಗ ಉಳಿಯುವ ಇನ್ನೊಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬಬಲ್ ರ‍್ಯಾಪ್ ತುಂಬಿ. ಟೇಪ್ ಹಚ್ಚಿದ ಮೇಲೆ ನಾಲ್ಕೂ ಕಡೆಯ ಫೋಟೊ ತೆಗೆಯಿರಿ. ತೆರೆಯುವಾಗ ವಿಡಿಯೊ ಮಾಡಿಕೊಳ್ಳಲು ಅವರಿಗೂ ಹೇಳಿ; ಪರದೆ ಒಡೆದಿದ್ದರೆ ಯಾರ ಮೇಲೂ ಅನುಮಾನ ಬರುವುದಿಲ್ಲ.

ಪೆಟ್ಟಿಗೆಯಲ್ಲಿ ಇರಬೇಕಾದದ್ದು:

- ಲ್ಯಾಪ್‌ಟಾಪ್, ಚಾರ್ಜರ್, ಮೌಸ್
- ವೈರ್ ಇರುವ ಯುಎಸ್‌ಬಿ ಹೆಡ್‌ಸೆಟ್. ಬ್ಲೂಟೂತ್‌ನದು ಮೀಟಿಂಗ್ ನಡುವೆ ಚಾರ್ಜ್ ಮುಗಿದು ಕೈಕೊಡುತ್ತದೆ
- ಕರೆಂಟ್ ಹೋದಾಗ ರೂಟರ್ ನಡೆಸಲು ಮಿನಿ ಯುಪಿಎಸ್
- ಮುದ್ರಿಸಿದ ಒಂದು ಹಾಳೆ

ಆ ಹಾಳೆಯನ್ನು ಹಗುರವಾಗಿ ಎಣಿಸಬೇಡಿ. ಲಾಗಿನ್ ಮಾಡುವ ವಿಧಾನವನ್ನು ಕಂಪನಿ ಮೇಲ್‌ಗೆ ಕಳಿಸುತ್ತೀರಿ, ಆ ಮೇಲ್ ತೆರೆಯಲು ಮೊದಲು ಲಾಗಿನ್ ಆಗಬೇಕು. ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟಂತೆ. ಹಾಳೆಯಲ್ಲಿ ಲಾಗಿನ್‌ನ ಹೆಜ್ಜೆಗಳು, ಐಟಿಯವರ ಮತ್ತು ಮ್ಯಾನೇಜರ್‌ನ ಮೊಬೈಲ್ ನಂಬರ್, ಮೊದಲ ದಿನದ ಮೊದಲ ಕರೆ ಎಷ್ಟು ಗಂಟೆಗೆ ಎನ್ನುವುದು ಇರಲಿ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬೇಡ. ಡಬ್ಬ ಕೈಸೇರಿತೆಂದು ಖಚಿತವಾದ ಮೇಲೆ ತಾತ್ಕಾಲಿಕ ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಿ.

ಕಳಿಸುವ ಮೊದಲು ಐಟಿಯವರು ನೋಡಬೇಕಾದ್ದು ಕೆಲವಿವೆ. ಅಂಗಡಿಯಲ್ಲಿ ಅವಸರಕ್ಕೆ ಕೊಂಡ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ವಿಂಡೋಸ್ ಹೋಮ್ ಇರುತ್ತದೆ. ಲ್ಯಾಪ್‌ಟಾಪನ್ನು ದೂರದಿಂದಲೇ ಕಂಪನಿಗೆ ಜೋಡಿಸುವ ಮೈಕ್ರೋಸಾಫ್ಟ್‌ನ ಆಟೋಪೈಲಟ್‌ಗೆ ಪ್ರೊ ಅಥವಾ ಅದಕ್ಕಿಂತ ಮೇಲಿನದು ಬೇಕು. ಆ ಯಂತ್ರದ ಗುರುತನ್ನು ಮೊದಲೇ ನೋಂದಾಯಿಸದಿದ್ದರೆ ಹೊಸಬರಿಗೆ ಕಂಪನಿಯ ಲಾಗಿನ್ ಪುಟವೇ ಕಾಣಿಸುವುದಿಲ್ಲ. ಅವರು ತಮ್ಮ ಸ್ವಂತ ಮೇಲ್ ಹಾಕಿ ಮುಂದೆ ಹೋಗಿಬಿಡುತ್ತಾರೆ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಗಳ ಕೀ ಐಟಿಯವರಲ್ಲಿ ಉಳಿದಿದೆಯೇ ನೋಡಿ, ಒಂದು ಅಪ್‌ಡೇಟ್ ಆದ ಬೆಳಿಗ್ಗೆ ಲ್ಯಾಪ್‌ಟಾಪ್ ಅದನ್ನೇ ಕೇಳುತ್ತದೆ. ಗಡಿಯಾರ ಭಾರತದ ಸಮಯಕ್ಕಿರಲಿ. ಹೊಸದಾಗಿ ವಿಂಡೋಸ್ ಹಾಕಿದಾಗ ಅಮೆರಿಕದ ಸಮಯ ಉಳಿದುಬಿಟ್ಟು ಹತ್ತು ಗಂಟೆಯ ಮೀಟಿಂಗ್ ರಾತ್ರಿಯದಾಗಿ ಕಾಣಿಸುವುದುಂಟು.

ಎರಡನೇ ಹಂತದ ದೃಢೀಕರಣಕ್ಕೆ ಆ್ಯಪ್ ಬಳಸುವುದಾದರೆ, ಆರು ಅಂಕಿಯ ಆ ಕೋಡ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ ಮತ್ತು ಫೋನಿನ ಗಡಿಯಾರವನ್ನು ನಂಬಿರುತ್ತದೆ. ಸಮಯವನ್ನು ಕೈಯಾರೆ ಇಟ್ಟುಕೊಂಡ ಫೋನ್ ಎರಡು ನಿಮಿಷ ಹಿಂದೆ ಮುಂದೆ ಇದ್ದರೆ ಕೋಡ್ ಎಷ್ಟು ಸಲ ಹಾಕಿದರೂ ತಪ್ಪೆನ್ನುತ್ತದೆ. ಫೋನಿನ ಸಮಯವನ್ನು ತಂತಾನೇ ಹೊಂದಿಕೊಳ್ಳುವಂತೆ ಬದಲಿಸಿದರೆ ಸರಿಹೋಗುತ್ತದೆ. ಫೋನ್ ಕಳೆದರೆ ಬೇಕಾಗುವ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಡಲು ಮೊದಲ ದಿನವೇ ಹೇಳಿ.

ಕರೆಂಟ್ ಮತ್ತು ನೆಟ್

ವಿಡಿಯೊ ಕರೆಗೆ ಹೋಗುವ ದಿಕ್ಕಿನಲ್ಲೂ ಬರುವ ದಿಕ್ಕಿನಲ್ಲೂ 4 ಎಂಬಿಪಿಎಸ್ ಸಿಕ್ಕರೆ ಧಾರಾಳ. ಜನ ಡೌನ್‌ಲೋಡ್ ವೇಗ ಮಾತ್ರ ನೋಡುತ್ತಾರೆ, ಅಪ್‌ಲೋಡ್ ನೋಡುವುದಿಲ್ಲ. ಸೇರುವ ವಾರ ಮೊದಲು, ಅವರು ಕೂತು ಕೆಲಸ ಮಾಡಲಿರುವ ಜಾಗದಲ್ಲೇ, ಬೆಳಿಗ್ಗೆ ಹನ್ನೊಂದಕ್ಕೊಮ್ಮೆ ಸಂಜೆ ಏಳಕ್ಕೊಮ್ಮೆ ಪರೀಕ್ಷಿಸಲು ಹೇಳಿ.

ಮಿನಿ ಯುಪಿಎಸ್ ಲೆಕ್ಕ ಹೀಗೆ. 10,000 ಎಂಎಎಚ್ ಎಂದು ಬರೆದದ್ದು ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ, ಅಂದರೆ 37 ವಾಟ್-ಅವರ್. ನಷ್ಟ ಕಳೆದು ಸುಮಾರು 30 ಉಳಿಯುತ್ತದೆ. ರೂಟರ್ 10 ವಾಟ್ ಎಳೆದರೆ ಮೂರು ಗಂಟೆ ಬರುತ್ತದೆ. ಕಳಿಸುವ ಮೊದಲು ರೂಟರ್ ಅಡಾಪ್ಟರ್‌ನ ಹಿಂದಿನ ಬರಹದ ಫೋಟೊ ತರಿಸಿಕೊಳ್ಳಿ. ಬಹುತೇಕ 12 ವೋಲ್ಟ್, ಕೆಲವು 9 ವೋಲ್ಟ್; ತಪ್ಪು ವೋಲ್ಟೇಜಿನ ಪಿನ್ ಚುಚ್ಚಿದರೆ ರೂಟರ್ ಸುಟ್ಟುಹೋಗಬಹುದು. ಫೈಬರ್ ಕನೆಕ್ಷನ್‌ನಲ್ಲಿ ಗೋಡೆಗೆ ಹಾಕಿದ ಡಬ್ಬ ಬೇರೆ, ವೈಫೈ ರೂಟರ್ ಬೇರೆ ಇದ್ದರೆ ಎರಡಕ್ಕೂ ಕರೆಂಟ್ ಬೇಕು. ಒಂದಕ್ಕೆ ಮಾತ್ರ ಯುಪಿಎಸ್ ಕೊಟ್ಟು ‘ವೈಫೈ ಇದೆ, ನೆಟ್ ಇಲ್ಲ’ ಎಂದು ಪರದಾಡುವುದು ತೀರಾ ಸಾಮಾನ್ಯ. ಬೇರೆ ಕಂಪನಿಯ ಒಂದು ಸಿಮ್ ಹಾಟ್‌ಸ್ಪಾಟ್‌ಗೆ ಇರಲಿ, ಅದರ ಸಿಗ್ನಲ್ ಅಂಗಳದಲ್ಲಿ ಸಿಕ್ಕರೆ ಸಾಲದು, ಕೋಣೆಯೊಳಗೂ ಸಿಗಬೇಕು.

ಮಲೆನಾಡಿನ ಮಳೆಗಾಲ ಬೇರೆಯೇ ಲೆಕ್ಕ. ಮರ ಬಿದ್ದು ಲೈನ್ ಹೋದರೆ ಇಡೀ ದಿನ ಕರೆಂಟ್ ಇರುವುದಿಲ್ಲ, ಟವರ್ ಕೂಡ ಸತ್ತಿರುತ್ತದೆ. ಯಾವ ಯುಪಿಎಸ್ಸೂ ಅಲ್ಲಿ ಸಾಲದು. ಅದಕ್ಕೆ ಲಿಖಿತವಾಗಿ ಒಂದು ನಿಯಮ ಕೊಡಿ: ಸಿಗ್ನಲ್ ಸಿಕ್ಕ ಕಡೆಯಿಂದ ಒಂದು ಎಸ್‌ಎಂಎಸ್ ಸಾಕು, ರಜೆ ಹಾಕಬೇಕಿಲ್ಲ, ಆ ದಿನದ ಕೆಲಸ ಇಂಥವರು ನೋಡಿಕೊಳ್ಳುತ್ತಾರೆ. ಈ ಎರಡು ಸಾಲು ಇಲ್ಲದಿದ್ದರೆ ಹೊಸಬರು ಮಳೆಯಲ್ಲಿ ಬೈಕ್ ಹತ್ತಿ ಸಿಗ್ನಲ್ ಹುಡುಕಿಕೊಂಡು ಹೋಗುತ್ತಾರೆ. ಅದಾಗಲು ಬಿಡಬಾರದು.

ಮೊದಲ ದಿನ

ಬೆಳಿಗ್ಗೆ ಹತ್ತಕ್ಕೆ ಮೊದಲ ಕರೆ ಮ್ಯಾನೇಜರ್‌ನದೇ ಆಗಿರಲಿ, ಅರ್ಧ ಗಂಟೆ, ಇಬ್ಬರೇ. ಆಮೇಲೆ ಐಟಿಯವರೊಡನೆ ಮುಕ್ಕಾಲು ಗಂಟೆ, ಹನ್ನೆರಡಕ್ಕೆ, ಹೊಸಬರಿಗೆ ದಾರಿ ತೋರಿಸಲು ತಂಡದಿಂದ ಗೊತ್ತುಮಾಡಿದ ಜೊತೆಗಾರರೊಡನೆ ಅರ್ಧ ಗಂಟೆ, ಊಟದ ನಂತರ ಸಂಬಳ ಮತ್ತು ರಜೆಯ ಬಗ್ಗೆ ಇಪ್ಪತ್ತು ನಿಮಿಷ, ಸಂಜೆ ಐದೂಕಾಲಿಗೆ ಮತ್ತೆ ಮ್ಯಾನೇಜರ್ ಹದಿನೈದು ನಿಮಿಷ. ಎಲ್ಲ ಸೇರಿ ಎರಡೂವರೆ ಗಂಟೆ ದಾಟುವುದಿಲ್ಲ, ದಾಟಲೂಬಾರದು. ಎಂಟು ಗಂಟೆ ಒಂದೇ ಸಮನೆ ಪರದೆಯಲ್ಲಿ ಭಾಷಣ ಕೇಳಿದವರ ತಲೆಯಲ್ಲಿ ಸಂಜೆಗೆ ಏನೂ ಉಳಿದಿರುವುದಿಲ್ಲ.

ನಲವತ್ತು ಜನರ ಕರೆಯಲ್ಲಿ ‘ಈಗ ನಿಮ್ಮ ಪರಿಚಯ ಹೇಳಿ’ ಎನ್ನಬೇಡಿ. ಮ್ಯಾನೇಜರ್ ನಾಲ್ಕು ಸಾಲು ಬರೆದು, ಹೊಸಬರಿಗೆ ತೋರಿಸಿ ಒಪ್ಪಿಗೆ ಪಡೆದು ಗ್ರೂಪ್‌ನಲ್ಲಿ ಹಾಕಿದರೆ ಸಾಕು. ಯಾರನ್ನು ಹೇಗೆ ಕರೆಯಬೇಕೆಂಬುದನ್ನೂ ಬಿಚ್ಚಿ ಹೇಳಿ: ‘ನಮ್ಮಲ್ಲಿ ಹೆಸರು ಹಿಡಿದು ಕರೆಯುತ್ತೇವೆ, ಸರ್ ಮೇಡಂ ಸೇರಿಸಿದರೂ ತಪ್ಪೇನಿಲ್ಲ.’ ಸಂಬೋಧನೆ ಹೇಗೆಂದು ತಿಳಿಯದೆ ಮೆಸೇಜೇ ಕಳಿಸದೆ ಕೂತವರಿದ್ದಾರೆ. ಕ್ಯಾಮೆರಾ ಯಾವಾಗ ಬೇಕು, ಯಾವಾಗ ಬೇಡ ಹೇಳಿ. ಹಿಂದೆ ಕುಕ್ಕರ್ ಕೂಗಿದರೆ, ಮಗು ಬಂದು ತೊಡೆ ಏರಿದರೆ ಕ್ಷಮೆ ಕೇಳಬೇಕಿಲ್ಲ ಎಂದೂ ಹೇಳಿ.

ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಕೆಲಸದ ಸ್ಥಳ ಎಂಬುದಕ್ಕೆ ವಾಸದ ಮನೆಯೂ ಸೇರುತ್ತದೆ. ಹತ್ತು ಅಥವಾ ಹೆಚ್ಚು ಜನರಿರುವ ಕಂಪನಿಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಆಫೀಸಿನ ಗೋಡೆಯ ಮೇಲಿನ ನೋಟಿಸ್ ದೂರದವರಿಗೆ ಕಾಣುವುದಿಲ್ಲವಾದ್ದರಿಂದ ಸಮಿತಿಯ ಸದಸ್ಯರ ಹೆಸರು, ಫೋನ್ ಮೊದಲ ವಾರವೇ ಬರಹದಲ್ಲಿ ತಲುಪಿಸಿ.

ಕೇಳುವ ದಾರಿ

ಜೊತೆಗಾರರನ್ನು ಆರಿಸುವುದು ಅರ್ಧ ಕೆಲಸ. ಅವರು ಮ್ಯಾನೇಜರ್ ಆಗಿರಬಾರದು. ತಂಡದ ಅತಿ ಜಾಣರೂ ಬೇಡ, ಅವರಿಗೆ ಬಿಡುವಿರುವುದಿಲ್ಲ. ಒಂದೆರಡು ವರ್ಷದ ಹಿಂದೆ ಸೇರಿ, ತಮಗೆ ಏನೇನು ಗೊತ್ತಿರಲಿಲ್ಲವೆಂದು ಇನ್ನೂ ನೆನಪಿರುವವರು ಒಳ್ಳೆಯದು. ಮೊದಲ ಎರಡು ವಾರ ದಿನಕ್ಕೆ ಅರ್ಧ ಗಂಟೆ ಅವರ ಕ್ಯಾಲೆಂಡರ್‌ನಲ್ಲಿ ಗುರುತಾಗಿರಬೇಕು, ಅಷ್ಟರಮಟ್ಟಿಗೆ ಅವರ ಕೆಲಸ ಇಳಿಯಬೇಕು. ಇಳಿಸದೆ ಹೊರೆ ಹೊರಿಸಿದರೆ ಮೂರನೇ ದಿನಕ್ಕೆ ಉತ್ತರಗಳು ‘ಆಮೇಲೆ ನೋಡೋಣ’ ಆಗುತ್ತವೆ, ಹೊಸಬರು ಕೇಳುವುದನ್ನೇ ನಿಲ್ಲಿಸುತ್ತಾರೆ.

‘ಏನಾದರೂ ಡೌಟ್ ಇದೆಯಾ?’ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ಇಲ್ಲ ಸರ್.’ ಇದೆ ಎಂದರೆ ದಡ್ಡರೆನಿಸಿಕೊಳ್ಳುವ ಭಯ. ಪ್ರಶ್ನೆಯನ್ನು ತಿರುಗಿಸಿ: ‘ಇವತ್ತು ಎಲ್ಲಿ ಸಿಕ್ಕಿಹಾಕಿಕೊಂಡ್ರಿ?’ ಈ ಮಾತು, ಸಿಕ್ಕಿಹಾಕಿಕೊಳ್ಳುವುದು ಸಹಜವೆಂದು ಮೊದಲೇ ಒಪ್ಪಿಕೊಂಡಿರುತ್ತದೆ. ‘ಸ್ಕ್ರೀನ್ ತೋರಿಸಿ, ನಿನ್ನೆಯಿಂದ ಏನೇನು ಮಾಡಿದ್ರಿ ನೋಡೋಣ’ ಎಂದರೆ ಇನ್ನೂ ಒಳ್ಳೆಯದು, ಹೇಳಲಾಗದ್ದು ಕಣ್ಣಿಗೆ ಕಾಣುತ್ತದೆ.

ಹದಿನೈದು ನಿಮಿಷದ ನಿಯಮ ಇಡಿ. ಒಂದೇ ಕಡೆ ಹದಿನೈದು ನಿಮಿಷ ನಿಂತರೆ ಕೇಳಲೇಬೇಕು, ಕೇಳದಿದ್ದರೆ ತಪ್ಪು. ಕೇಳುವ ಮಾದರಿಯನ್ನೂ ಕೊಟ್ಟರೆ ಬರೆಯಲು ಕೂತಾಗ ಕೈ ತಡೆಯುವುದಿಲ್ಲ: ‘ಏಪ್ರಿಲ್ ಬಿಲ್ ಪಟ್ಟಿ ತೆರೀಬೇಕಿತ್ತು. ಲಿಂಕ್ ಒತ್ತಿದ್ರೆ ಅನುಮತಿ ಇಲ್ಲ ಅಂತಿದೆ. ಲಾಗೌಟ್ ಮಾಡಿ ಮತ್ತೆ ನೋಡ್ದೆ, ಅದೇ ಬಂತು. ಸ್ಕ್ರೀನ್‌ಶಾಟ್ ಹಾಕಿದೀನಿ.’ ಬೇಕಾಗಿದ್ದದ್ದು, ಕಂಡದ್ದು, ಮಾಡಿ ನೋಡಿದ್ದು, ಇಷ್ಟೇ. ಕನ್ನಡದಲ್ಲಿ ಕೇಳಬಹುದು, ಧ್ವನಿ ಮೆಸೇಜ್ ಕಳಿಸಬಹುದು ಎಂದು ಬಾಯಿಬಿಟ್ಟು ಹೇಳಬೇಕು. ಕೆಲಸ ಚೆನ್ನಾಗಿ ಬಲ್ಲವರು ಇಂಗ್ಲಿಷ್ ವಾಕ್ಯ ಸರಿಯಿದೆಯೋ ಇಲ್ಲವೋ ಎಂದು ನೋಡುತ್ತ ಇಪ್ಪತ್ತು ನಿಮಿಷ ಕಳೆಯುವುದು ಕಂಪನಿಗೂ ನಷ್ಟ, ಅವರ ಮನಸ್ಸಿಗೂ ನೋವು.

ಕಿವಿಗೆ ಬೀಳುವ ಮಾತಿಗೆ ಬದಲಿಯಾಗಿ ನಿಜಕ್ಕೂ ಕೆಲಸ ಮಾಡುವುದು ಒಂದೇ: ದಿನಕ್ಕೆ ಒಂದು ಗಂಟೆ ಮೂರು ನಾಲ್ಕು ಜನ ಕರೆ ತೆರೆದಿಟ್ಟು, ಮೈಕ್ ಮುಚ್ಚಿ, ಅವರವರ ಕೆಲಸ ಮಾಡಿಕೊಳ್ಳುವುದು. ಬೇಕಾದಾಗ ಮೈಕ್ ತೆರೆದು ‘ಇದೆಲ್ಲಿದೆ?’ ಎಂದರೆ ಮುಗಿಯಿತು. ಇಬ್ಬರು ಹಳಬರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದನ್ನು ಹೊಸಬರು ಕೇಳಿಸಿಕೊಳ್ಳುತ್ತಾರೆ. ಬರೆದಿಟ್ಟ ಯಾವ ಕೈಪಿಡಿಯೂ ಅಷ್ಟು ಕಲಿಸುವುದಿಲ್ಲ.

ಕೆಲಸ ಕೈಗೆ ಕೊಡುವುದು

ಮೊದಲ ಕೆಲಸ ನಿಜವಾದದ್ದಾಗಿರಲಿ, ಮೂರು ದಿನದಲ್ಲಿ ಮುಗಿಯಲಿ, ತಪ್ಪಾದರೆ ಗ್ರಾಹಕರವರೆಗೆ ಹೋಗದಿರಲಿ. ಗ್ರಾಹಕ ಸೇವೆಗೆ ಸೇರಿದವರಾದರೆ, ಈಗಾಗಲೇ ಮುಗಿದ ಐದು ದೂರುಗಳನ್ನು ಉತ್ತರ ಮರೆಮಾಡಿ ಕೊಟ್ಟು, ಅವರು ಬರೆದದ್ದನ್ನು ಹಿಂದೆ ಕಳಿಸಿದ ಉತ್ತರದ ಪಕ್ಕ ಇಟ್ಟು ಕೂತು ನೋಡಬಹುದು. ವಾರಪೂರ್ತಿ ‘ಡಾಕ್ಯುಮೆಂಟ್ ಓದಿ’ ಎಂದು ಬಿಡುವುದು ಕೆಟ್ಟ ಅಭ್ಯಾಸ. ಎರಡನೇ ದಿನಕ್ಕೆ ತಾವು ಯಾರಿಗೂ ಬೇಡವೇನೋ ಎನ್ನಿಸತೊಡಗುತ್ತದೆ.

ಕೆಲಸ ನಿಲ್ಲುವುದು ಹೆಚ್ಚಾಗಿ ಅನುಮತಿ ಸಿಗದೆ. ಅದೇ ಹುದ್ದೆಯಲ್ಲಿ ಈಗ ಇರುವವರು ದಿನವೂ ಏನೇನು ತೆರೆಯುತ್ತಾರೆಂದು ಪಟ್ಟಿ ಮಾಡಿ, ಮೊದಲ ದಿನ ಹೊಸಬರಿಂದ ಒಂದೊಂದನ್ನೂ ತೆರೆಸಿ ನೋಡಿ. ಐಟಿಯವರು ‘ಕೊಟ್ಟಾಗಿದೆ’ ಎಂದರೆ ಕೊಟ್ಟಂತಲ್ಲ, ಅವರ ಪರದೆಯ ಮೇಲೆ ತೆರೆದುಕೊಂಡರೆ ಮಾತ್ರ.

ಮೊದಲ, ಎರಡನೇ, ಮೂರನೇ ತಿಂಗಳ ಕೊನೆಗೆ ಏನು ಬರಬೇಕೆಂದು ಒಂದೇ ಪುಟದಲ್ಲಿ ಬರೆದು ಕೊಡಿ. ‘ಬೇಗ ಹೊಂದಿಕೊಳ್ಳಬೇಕು’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ‘ಮೊದಲ ತಿಂಗಳ ಕೊನೆಗೆ ಯಾರ ಸಹಾಯವೂ ಇಲ್ಲದೆ ದಿನಕ್ಕೆ ಹತ್ತು ದೂರು ಮುಗಿಸಬೇಕು’ ಎಂದರೆ ಹೇಳಿದಂತಾಯಿತು. ಪ್ರೊಬೇಷನ್ ಮುಗಿಯುವ ದಿನ ‘ಸಾಲದು’ ಎನ್ನುವುದು ಅನ್ಯಾಯ. ಸಾಲದಿದ್ದರೆ ಮೊದಲ ತಿಂಗಳ ಕೊನೆಗೇ, ಉದಾಹರಣೆ ಸಮೇತ ಹೇಳಬೇಕು.

ನಾಲ್ಕರಿಂದ ಆರನೇ ವಾರದ ನಡುವೆ ಮೂರು ದಿನ ಬೆಂಗಳೂರಿಗೆ ಕರೆಸಿಕೊಳ್ಳಿ. ಮೊದಲ ವಾರವೇ ಕರೆಸಿದರೆ ಬರೀ ಮುಖ ನೋಡಿ ಹೋಗುತ್ತಾರೆ; ಒಂದು ತಿಂಗಳು ಕೆಲಸ ಮಾಡಿ ಬಂದರೆ ಯಾರನ್ನು ಏನು ಕೇಳಬೇಕೆಂದು ತಿಳಿದಿರುತ್ತದೆ. ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲೇ ತೆರೆಯುವುದರಿಂದ, ಸೇರುವ ದಿನ ಖಚಿತವಾದ ಕೂಡಲೇ ಆ ಮೂರು ದಿನಗಳನ್ನೂ ಗೊತ್ತು ಮಾಡಿ, ಹಬ್ಬದ ಸಾಲಿನಲ್ಲಿ ಬಾರದಂತೆ ನೋಡಿಕೊಂಡು, ಟಿಕೆಟ್ ಮತ್ತು ರೂಮನ್ನು ಕಂಪನಿಯೇ ಬುಕ್ ಮಾಡಲಿ. ಇನ್ನೂ ಒಂದೇ ಸಂಬಳ ಕಂಡವರು ಕೈಯಿಂದ ಹಾಕಿ, ಬಿಲ್ ಕೊಟ್ಟು, ತಿಂಗಳು ಕಾಯುವಂತೆ ಮಾಡಬೇಡಿ.